ಅಂಕಿಗಳ ನಂಟು

ಕಳೆದ ಬೇಸಗೆಗೆ ಮುನ್ನ ಮುಳಬಾಗಿಲು ತಾಲ್ಲೂಕಿನ ಒಂದು ಪ್ರೌಢಶಾಲೆಯವರು ತಮ್ಮ ಗಣಿತ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ರೇಷ್ಮೆ ಹುಳು ಸಾಕುವ ಮನೆಯ ಹುಡುಗಿಯೊಬ್ಬಳು, ನಾನು ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು ಮುಗಿಸುವುದರೊಳಗೆ, ಮೂರು ಸಲ ಸರಿಯುತ್ತರ ಹೇಳಿದಳು. ಸಭೆ ಚಪ್ಪಾಳೆ ತಟ್ಟಿತು. “ಕಂಪ್ಯೂಟರ್ ಕಣಯ್ಯ ಇವಳು!” ಎಂದು ಹಿಂದಿನ ಸಾಲಿನಲ್ಲಿ ಹಿರಿಯರೊಬ್ಬರು ಉದ್ಗರಿಸಿದರು. ಹುಡುಗಿ ತಲೆ ತಗ್ಗಿಸಿದಳು. ಹೇಗೆ ಮಾಡಿದೆಯಮ್ಮ ಎಂದು ಯಾರೂ ಕೇಳಲಿಲ್ಲ. ತೀರ್ಪುಗಾರನಾದ ನಾನೂ ಕೇಳಲಿಲ್ಲ. ಕೋಲಾರಕ್ಕೆ ಹಿಂದಿರುಗುವ ಬಸ್ಸಿನಲ್ಲಿ ಅದು ಹೊಳೆದು ನಾಚಿಕೆಯಾಯಿತು.

‘ಮಾನವ ಕಂಪ್ಯೂಟರ್’ ಎಂಬ ಬಿರುದನ್ನು ಹೊತ್ತು ಬಾಳಿದ ಶಕುಂತಲಾದೇವಿಯವರಿಗೆ ಆ ಬಿರುದು ಹಿಡಿಸುತ್ತಿರಲಿಲ್ಲ. 1929ರ ನವೆಂಬರ್ 4ರಂದು ಬೆಂಗಳೂರಿನ ಕನ್ನಡ ಮನೆತನವೊಂದರಲ್ಲಿ ಹುಟ್ಟಿದ ಆಕೆಯ ತಂದೆ ಸರ್ಕಸ್ಸಿನಲ್ಲಿ ದುಡಿಯುತ್ತಿದ್ದವರು. ಇಸ್ಪೀಟಿನ ಎಲೆಗಳನ್ನು ಮೂರು ವರ್ಷದ ಮಗಳು ನೆನಪಿನಿಂದಲೇ ಹೇಳುವುದನ್ನು ಕಂಡು ಅವರು ಸರ್ಕಸ್ಸು ಬಿಟ್ಟರು. ಮಗಳ ಲೆಕ್ಕವನ್ನೇ ಊರೂರು ತೋರಿಸಹೊರಟರು. ಆರನೆಯ ವಯಸ್ಸಿಗೆ ಆಕೆ ಮೈಸೂರು ವಿಶ್ವವಿದ್ಯಾನಿಲಯದ ವಿದ್ವಾಂಸರ ಮುಂದೆ ನಿಂತಿದ್ದರು. 1944ರಲ್ಲಿ ತಂದೆಯೊಡನೆ ಲಂಡನ್ನಿಗೆ ಹೋದರು. ಕ್ರಮವಾದ ಶಾಲಾಶಿಕ್ಷಣವೆಂಬುದು ಆಕೆಗೆ ದೊರೆಯಲೇ ಇಲ್ಲ. ಜಗತ್ತು ಬೆರಗಾಯಿತು, ಆದರೆ ಆ ಮಗುವನ್ನು ಯಾರೂ ಬೆಂಚಿನ ಮೇಲೆ ಕುಳ್ಳಿರಿಸಲಿಲ್ಲ.

1977ರಲ್ಲಿ ಅಮೆರಿಕದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾನಿಲಯದಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೆಯ ಮೂಲವನ್ನು ಆಕೆ 50 ಸೆಕೆಂಡುಗಳಲ್ಲಿ ಹೇಳಿದರು. ಅದನ್ನು ತಾಳೆ ನೋಡಲು ಯೂನಿವ್ಯಾಕ್ ಯಂತ್ರಕ್ಕೆ ಪ್ರತ್ಯೇಕವಾಗಿ ಕ್ರಮವಿಧಿಯನ್ನೇ ಬರೆಯಬೇಕಾಯಿತು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿದರು. ಪತ್ರಿಕೆಗಳು ಸೆಕೆಂಡುಗಳನ್ನು ಎಣಿಸಿದವು. ನನಗೆ ಹೆಚ್ಚು ಕುತೂಹಲವಾಗಿರುವುದು 1988ರಲ್ಲಿ ಬರ್ಕ್ಲಿಯ ಆರ್ಥರ್ ಜೆನ್ಸನ್ ನಡೆಸಿದ ಪರೀಕ್ಷೆ. ಆತ 6,16,29,875ರ ಘನಮೂಲವನ್ನು ಕೇಳಿದಾಗ, ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳುವಷ್ಟರಲ್ಲಿ ಉತ್ತರ ಬಂದಿತ್ತು. ಆದರೆ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಆಕೆಯ ವೇಗ ಹೆಚ್ಚುಕಡಿಮೆ ನಮ್ಮ ನಿಮ್ಮಂತೆಯೇ ಇತ್ತು!

ಹಾಗಾದರೆ ಗುಟ್ಟು ವೇಗದಲ್ಲಿಲ್ಲ, ನಂಟಿನಲ್ಲಿದೆ. ಆ ಸಂಖ್ಯೆಯನ್ನೇ ನೋಡೋಣ. ಪೂರ್ಣ ಘನವೆಂದು ಗೊತ್ತಿದ್ದರೆ ಎಂಟನೆಯ ತರಗತಿಯ ಮಗುವೂ ಅದರೊಳಗೆ ಹೊಗಬಹುದು. ಘನವು 5ರಲ್ಲಿ ಮುಗಿದರೆ ಮೂಲವೂ 5ರಲ್ಲೇ ಮುಗಿಯಬೇಕು. ಬಲದಿಂದ ಮೂರು ಮೂರು ಅಂಕಿ ಬಿಡಿಸಿದರೆ ಎಡಕ್ಕೆ ಉಳಿಯುವುದು 61. ಅದು 3ರ ಘನವಾದ 27ಕ್ಕೂ 4ರ ಘನವಾದ 64ಕ್ಕೂ ನಡುವಿನದು. ಆದ್ದರಿಂದ ಮೊದಲ ಅಂಕಿ 3. 64ಕ್ಕೆ ಬಲು ಹತ್ತಿರವಿರುವುದರಿಂದ ನಡುವಿನದು 9. ಉತ್ತರ 395. ಈ ಸುಖವನ್ನು ಎಲ್ಲರಿಗೂ ಹಂಚಬೇಕೆಂಬುದೇ ಆಕೆಯ ಹಂಬಲ. ‘ಫಿಗರಿಂಗ್’ ಮೊದಲಾದ ಪುಸ್ತಕಗಳನ್ನು ಬರೆದದ್ದು ಅದಕ್ಕಾಗಿ. ಬುದ್ಧಿ ಅಂಕಿಗಳಲ್ಲೇ ನಿಂತಿರಲಿಲ್ಲ: ಸಲಿಂಗಿಗಳ ಬಾಳನ್ನು ಕುರಿತು 1977ರಷ್ಟು ಹಿಂದೆಯೇ ಪುಸ್ತಕ ಬರೆದರು, 1980ರಲ್ಲಿ ಇಂದಿರಾ ಗಾಂಧಿಯವರ ಎದುರು ಚುನಾವಣೆಗೂ ನಿಂತರು. 2013ರಲ್ಲಿ ತೀರಿಕೊಂಡಾಗ ನಾವು ನೆನೆದದ್ದು ಮತ್ತೆ ಆ ಸೆಕೆಂಡುಗಳನ್ನೇ.

ಇಂಗ್ಲೆಂಡಿನ ಏಡಾ ಲವ್ಲೇಸ್‌ಳ ಭಾಗ್ಯ ಬೇರೆ. ಕವಿ ಬೈರನ್ನನ ಮಗಳಾದ ಆಕೆಗೆ ಡಿ ಮಾರ್ಗನ್‌ನಂಥ ಗಣಿತಜ್ಞ ಗುರುವಾದ. ಆದರೆ ಯಂತ್ರವೇ ಇರಲಿಲ್ಲ. ಬ್ಯಾಬೇಜ್ ಕಟ್ಟದೆ ಹೋದ ಯಂತ್ರಕ್ಕೆ, ಬರ್ನೂಲಿ ಸಂಖ್ಯೆಗಳನ್ನು ಕಂಡುಹಿಡಿಯುವ ಕ್ರಮವನ್ನು 1843ರಲ್ಲಿ ಹಂತ ಹಂತವಾಗಿ ಬರೆದಿಟ್ಟಳು. ಸ್ವರಗಳ ಸಂಬಂಧವನ್ನು ತಿಳಿಸಿಕೊಟ್ಟರೆ ಯಂತ್ರ ಸಂಗೀತವನ್ನೂ ಹೊಂದಿಸೀತು, ಆದರೆ ತಾನಾಗಿ ಏನನ್ನೂ ಹುಟ್ಟಿಸಲಾರದು ಎಂಬುದು ಆಕೆಯ ಮತ. ಆ ಯಂತ್ರವನ್ನು ಆಕೆ ಹೋಲಿಸಿದ್ದು ತೂತು ಕೊರೆದ ರಟ್ಟುಗಳಿಂದ ಹೂಬಳ್ಳಿ ನೇಯುವ ಜಕಾರ್ಡ್ ಮಗ್ಗಕ್ಕೆ. ಈ ಸೀಮೆಯ ವಾಚಕರಿಗೆ ವಿವರಣೆ ಬೇಡ. ದೊಡ್ಡಬಳ್ಳಾಪುರದಲ್ಲಿ ಅಂಥ ಮಗ್ಗಗಳನ್ನು ಕಾಣದವರಾರು? ಒಬ್ಬಳಿಗೆ ಗುರುವಿದ್ದು ಯಂತ್ರವಿರಲಿಲ್ಲ, ಇನ್ನೊಬ್ಬರಿಗೆ ಯಂತ್ರ ಎದುರಾಳಿಯಾಗಿ ಬಂತು, ಗುರು ಬರಲಿಲ್ಲ.

ಲೆಕ್ಕ ಹೆಣ್ಣಿಗೆ ಒಗ್ಗದೆಂಬ ಮಾತನ್ನು ವಿದ್ಯಾವಂತರ ಮನೆಗಳಲ್ಲೂ ಕೇಳಿದ್ದೇನೆ. ಹಾಗೆನ್ನುವವರು ಶ್ರೀನಿವಾಸಪುರದ ಮಾವಿನ ಮಂಡಿಗೆ ಸುಗ್ಗಿಯಲ್ಲಿ ಒಮ್ಮೆ ಹೋಗಿಬರಲಿ; ಮಾಲೂರಿನ ಇಟ್ಟಿಗೆ ಗೂಡುಗಳ ಬಳಿ, ವಾರದ ಕೂಲಿಯನ್ನು ಬೆರಳ ಗೆಣ್ಣಿನ ಮೇಲೆ ಎಣಿಸಿ ಮೇಸ್ತ್ರಿಯ ತಪ್ಪು ತಿದ್ದುವ ಹೆಂಗಸರನ್ನು ನೋಡಲಿ. ಅವರ ಮಕ್ಕಳಿಗೆ ನಾವು ಮಗ್ಗಿ ಕಲಿಸುತ್ತೇವೆ, ದಾರಿ ಕೇಳುವುದಿಲ್ಲ. ಉತ್ತರ ತಪ್ಪಿದರೆ ಗದರುತ್ತೇವೆ, ಒದಗಿದರೆ ಚಪ್ಪಾಳೆ ತಟ್ಟಿ ಮನೆಗೆ ಕಳುಹಿಸುತ್ತೇವೆ.

ಅಂದು ಕೇಳದ ಪ್ರಶ್ನೆಯನ್ನು ಕೊನೆಗೆ ಕಾಗದದಲ್ಲಿ ಬರೆದು ಆ ಶಾಲೆಗೆ ಕಳುಹಿಸಿದೆ. ಹದಿನೈದು ದಿನಕ್ಕೆ ನೋಟುಬುಕ್ಕಿನ ಎರಡು ಹಾಳೆ ಬಂದವು. ಪೆನ್ಸಿಲಿನಲ್ಲಿ, ತಿದ್ದಿ ತಿದ್ದಿ, ಮೂರು ಲೆಕ್ಕಗಳಿಗೂ ತಾನು ಹಿಡಿದ ದಾರಿಯನ್ನು ಹುಡುಗಿ ಬರೆದಿದ್ದಳು. ಮೂರನೆಯದು ನನಗೆ ಗೊತ್ತಿಲ್ಲದ ದಾರಿ. ಆಕೆಯನ್ನು ಮುಂದಕ್ಕೆ ಕೋಲಾರದ ಕಾಲೇಜಿಗೆ ಸೇರಿಸುವ ವಿಚಾರ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲವೆಂದು ಹೆಡ್‌ಮಾಸ್ತರರು ಹಾಳೆಯ ಕೆಳಗೆ ಒಂದು ಸಾಲು ಸೇರಿಸಿದ್ದರು.