ಚಿತ್ರ ನಿಂತರೆ ದೋಷ ಯಾರದು?

ಕಕ್ಕಡ ಹದಿನೆಂಟರ ಸಂಜೆ ನಾಪೋಕ್ಲಿನ ಸಮೀಪದ ತೋಟದ ಮನೆಯೊಂದರಲ್ಲಿ ನಾನು ಅತಿಥಿಯಾಗಿದ್ದೆ. ಹೊರಗೆ ಎಡೆಬಿಡದ ಮಳೆ. ಮನೆಯಲ್ಲಿ ವೃದ್ಧೆಯಾದ ತಾಯಿ ಮತ್ತು ಮಗಳು, ಇಬ್ಬರೇ. ಮಗಳು ಬೆಂಗಳೂರಿನ ಸಂಸ್ಥೆಯೊಂದರ ಕೆಲಸವನ್ನು ಮನೆಯಲ್ಲಿಯೇ ಕುಳಿತು ಮಾಡುವವಳು. ಅವಳ ಮೇಜಿನ ಮೇಲೆ ಎರಡು ಪರದೆಗಳು. ಒಂದರಲ್ಲಿ ಲೆಕ್ಕಪತ್ರ, ಇನ್ನೊಂದರಲ್ಲಿ ಸಭೆ. ಮೇಲಧಿಕಾರಿಯ ಮುಖ ಬಾಯಿ ತೆರೆದಂತೆಯೇ ಸ್ತಬ್ಧವಾಯಿತು. ಮಾತು ತುಂಡುತುಂಡಾಗಿ ಕೇಳಿಸಿತು.

"ಗ್ರಾಫಿಕ್ಸ್ ಕಾರ್ಡು ಹಳೆಯದಾಯಿತು. ಹೊಸದನ್ನು ತರಿಸಿಬಿಡುತ್ತೇನೆ" ಎಂದಳು ಆಕೆ. ಅದರ ಬೆಲೆ ಹತ್ತಿರ ಹತ್ತಿರ ಅವಳ ಒಂದು ತಿಂಗಳ ಸಂಬಳ. ಈ ತೊಡಕು ನೀಗದಿದ್ದರೆ ತಾಯಿಯನ್ನು ಒಂಟಿಯಾಗಿ ಬಿಟ್ಟು ಬೆಂಗಳೂರು ಸೇರಬೇಕಾದೀತೆಂಬ ಚಿಂತೆ ಬೇರೆ.

ನಾಡಿ ನೋಡದೆ ಔಷಧ ಕೊಡುವುದುಂಟೆ? ಚಲಿಸುವ ಚಿತ್ರವೆಂದರೆ ಸೆಕೆಂಡಿಗೆ 25 ಅಥವಾ 30 ಸ್ಥಿರಚಿತ್ರಗಳ ಸಾಲು. ಅಡ್ಡಕ್ಕೆ 1920, ಎತ್ತರಕ್ಕೆ 1080 ಚುಕ್ಕೆಗಳಿರುವ ಚಿತ್ರವನ್ನು ಹಾಗೆಯೇ ಕಳುಹಿಸುವುದಾದರೆ ಸೆಕೆಂಡಿಗೆ ಸುಮಾರು 150 ಕೋಟಿ ಬಿಟ್‌ಗಳು ಬೇಕು. ಆದುದರಿಂದ ಅದನ್ನು ನೂರಾರು ಪಾಲು ಕುಗ್ಗಿಸಿ ಕಳುಹಿಸುತ್ತಾರೆ. ಸಾಗಿಸುವುದು ಅಂತರ್ಜಾಲದ ಹೊಣೆ; ಬಿಡಿಸಿ ತೋರಿಸುವುದು ಕಂಪ್ಯೂಟರಿನ ಹೊಣೆ. ಯಾವುದು ಸೋತರೂ ಕಣ್ಣಿಗೆ ಕಾಣುವ ರೋಗ ಒಂದೇ.

ಪರೀಕ್ಷೆ ಮಾತ್ರ ಸುಲಭ. ಮೊದಲೇ ಇಳಿಸಿಟ್ಟುಕೊಂಡಿದ್ದ ಚಲನಚಿತ್ರವೊಂದನ್ನು, ಅಂತರ್ಜಾಲದ ಸಂಪರ್ಕ ಕಡಿದು, ಎರಡು ಪರದೆಗಳೂ ಬೆಳಗುತ್ತಿರುವಾಗಲೇ ಓಡಿಸಿದೆವು. ಎಲ್ಲಿಯೂ ಎಡವದೆ ಸಾಗಿತು. ಕಾರ್ಡು ನಿರಪರಾಧಿ! ಹುಡುಕಿದಾಗ, ವೈಫೈ ಪೆಟ್ಟಿಗೆಗೂ ಅವಳ ಕೋಣೆಗೂ ನಡುವೆ ಎರಡು ದಪ್ಪ ಕಲ್ಲುಗೋಡೆಗಳಿದ್ದುವು. ಪೆಟ್ಟಿಗೆಯಿಂದ ಕಂಪ್ಯೂಟರಿಗೆ ನೇರವಾಗಿ ತಂತಿ ಎಳೆದೆವು. ಸಭೆಯ ಚಿತ್ರದ ಸ್ಪಷ್ಟತೆಯನ್ನು ಒಂದು ಮೆಟ್ಟಿಲು ಇಳಿಸಿದೆವು. ಸ್ತಬ್ಧವಾಗಿದ್ದ ಮುಖ ಚಲಿಸಿತು.

ಇಳಿಸಿಟ್ಟ ಚಿತ್ರವೂ ಎಡವುವುದಾದರೆ ಆಗ ಯಂತ್ರವನ್ನು ಶಂಕಿಸಬಹುದು. ಒಂದು ಪರದೆಯನ್ನು ಕಳಚಿ ನೋಡಿರಿ. ಕಾರ್ಡಿನ ಚಾಲಕ ತಂತ್ರಾಂಶವನ್ನು ನವೀಕರಿಸಿರಿ. ಎರಡನೆಯ ಪರದೆಗೆ ಅಗ್ಗದ ಯುಎಸ್‌ಬಿ ಜೋಡಕವಿದ್ದರೆ, ಅಂಥ ಕೆಲವು ಜೋಡಕಗಳು ಕಂಪ್ಯೂಟರಿನ ಮೇಲೆಯೇ ಹೆಚ್ಚಿನ ಭಾರ ಹೇರುತ್ತವೆಂಬುದು ನೆನಪಿರಲಿ. ಹೊಸ ಕಾರ್ಡು ಕೊಳ್ಳಲೇಬೇಕಾದರೆ ಅದರ ರಂಧ್ರಗಳನ್ನೆಣಿಸಿ ಮೋಸಹೋಗದಿರಿ. ಏಕಕಾಲಕ್ಕೆ ಎಷ್ಟು ಪರದೆಗಳನ್ನು ನಡೆಸಬಲ್ಲುದೆಂದು ಕೇಳಿರಿ.

ಇಷ್ಟಾದರೂ ಮಳೆಗಾಲವನ್ನು ಗೆದ್ದೆವೆನ್ನುವಂತಿಲ್ಲ. ಗುಡ್ಡಗಳು ಗೋಪುರದ ಅಲೆಗಳನ್ನು ಮರೆಮಾಡುತ್ತವೆ. ಮುರಿದ ಕೊಂಬೆ ತಂತಿಯನ್ನು ಕಡಿಯುತ್ತದೆ. ವಿದ್ಯುತ್ತು ಬಹಳ ಹೊತ್ತು ಹೋದರೆ ಗೋಪುರವೂ ಮೌನ ತಾಳುತ್ತದೆ. ಚಲನಚಿತ್ರವನ್ನಾದರೆ ಮುಂಚಿತವಾಗಿ ತುಂಬಿಟ್ಟುಕೊಳ್ಳಬಹುದು, ಎದುರಾಎದುರು ಮಾತನ್ನು ತುಂಬಿಟ್ಟುಕೊಳ್ಳುವುದು ಹೇಗೆ? 2021ರಲ್ಲಿ ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಮಕ್ಕಳಿಗೆ ಪಾಠ ತಲುಪಿಸಲು ಮರದ ಮೇಲೆ ಅಟ್ಟಣೆ ಕಟ್ಟಿ ಕುಳಿತರು. ಅವರಿಗೆ ಬೇಕಾಗಿದ್ದುದು ಹೊಸ ಯಂತ್ರವಲ್ಲ, ಅಲೆ ಸಿಗುವ ಎತ್ತರ. ಅಂಥ ಕೊರತೆಯನ್ನು ಮನೆಯವರು ಹಣ ತೆತ್ತು ನೀಗಿಸಲಾರರು. ಅದು ಸಂಪರ್ಕ ಒದಗಿಸುವವರ ಕರ್ತವ್ಯ.

ಸಭೆ ಮುಗಿಯಿತು. ತಾಯಿ ಮದ್ದುಸೊಪ್ಪಿನ ಪಾಯಸ ಬಡಿಸಿದರು. "ಕಾರ್ಡಿನ ಹಣ?" ಎಂದು ಕೇಳಿದೆ.

"ಮೊದಲು ಒಂದು ಒಳ್ಳೆಯ ಬ್ಯಾಟರಿ" ಎಂದಳು ಮಗಳು. ಆ ಕ್ಷಣಕ್ಕೇ ದೀಪ ಆರಿತು.