ಅವುನು ಅಂದರೆ ಹೌದು

ಜಪಾನಿಗೆ ಇಂಗ್ಲಿಷ್ ಕಲಿಸಲು ಹೋದ ಅಮೆರಿಕಾದವರು, ಬ್ರಿಟನ್ನಿನವರು ಬರೆಯೋ ಕತೆಗಳನ್ನು ನೀವೂ ಓದಿರ್ತೀರಿ. ಮಕ್ಕಳು ಬಾಯಿ ಬಿಡಲ್ಲ, ಸ್ಟಾಫ್ ರೂಮಿನಲ್ಲಿ ಏನು ಮಾತಾಡ್ತಿದ್ದಾರೋ ತಿಳಿಯಲ್ಲ, ಅಂಗಡಿಯವನು ಬೆರಳು ತೋರಿಸಿ ಲೆಕ್ಕ ಹೇಳ್ತಾನೆ ಅಂತೆಲ್ಲ. ಇದನ್ನೆಲ್ಲ ಅನುಭವಿಸೋಕೆ ವೀಸಾ, ಪಾಸ್‌ಪೋರ್ಟ್ ಏನೂ ಬೇಡ ಮಾರಾಯ್ರೇ. ಧಾರವಾಡದಲ್ಲಿ ಬಿ.ಎಡ್ ಮುಗಿಸಿ, ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗೆ ಇಂಗ್ಲಿಷ್ ಮೇಷ್ಟ್ರಾಗಿ ಆರ್ಡರ್ ತಗೊಂಡು ಬಂದರೆ ಸಾಕು :)

ನಾನು ಹಾಗೆ ಬಂದವನು. ಮೊದಲು ಮುಳಬಾಗಿಲು ಕಡೆ ಇದ್ದೆ, ಈಗ ಶ್ರೀನಿವಾಸಪುರದ ಕಡೆ. ನಮ್ಮೂರಲ್ಲಿ ನಾವು ‘ಮಾಸ್ತರ್ರು’, ಇಲ್ಲಿ ‘ಸಾರು’. ರೊಟ್ಟಿ ಹೋಗಿ ಮುದ್ದೆ ಬಂತು, ಅದಕ್ಕೂ ಒಗ್ಗಿಕೊಂಡೆ. ಮಾವಿನ ಸೀಸನ್ನಿನಲ್ಲಿ ಶಾಲೆ ಶುರುವಾದರೂ ಹಾಜರಿ ಯಾಕೆ ಕಡಿಮೆ ಅನ್ನೋದೂ ಗೊತ್ತಾಯ್ತು, ಮಕ್ಕಳೆಲ್ಲ ತೋಪಿನಲ್ಲಿರ್ತಾರೆ. ಜನ ಬಹಳ ಒಳ್ಳೆಯವರು. ಆದರೆ ಶಾಲೆಯ ಗೇಟು ದಾಟಿದರೆ ಊರೆಲ್ಲ ತೆಲುಗು. ಈ ಜಿಲ್ಲೆಯಲ್ಲಿ ತೆಲುಗು ಮನೆಮಾತಿನವರೇ ಹೆಚ್ಚು. ಮಾಲೂರಿನ ಹೊಸೂರು ಕಡೆಯ ಅಂಚಿಗೆ ಹೋದರೆ ತಮಿಳೂ ಸೇರಿಕೊಳ್ಳುತ್ತೆ.

ಈಗ ವಿಷಯಕ್ಕೆ ಬರ್ತೀನಿ. ಗಡಿ ತಾಲ್ಲೂಕುಗಳಿಗೆ ಮೇಷ್ಟ್ರನ್ನು ಕಳಿಸುವಾಗ ಅವರಿಗೆ ಮಕ್ಕಳ ಮನೆಮಾತು ಒಂದಿಷ್ಟಾದರೂ ಕಲಿಸಿ ಕಳಿಸಬೇಕು, ತರಗತಿಯಲ್ಲಿ ಆ ಮಾತಿಗೆ ಜಾಗ ಕೊಡಬೇಕು. ಇಷ್ಟೇ ನನ್ನ ವಾದ. ಇದನ್ನು ಹೇಳಿದ ತಕ್ಷಣ ಕೆಲವರು “ಹಾಗಾದ್ರೆ ಕನ್ನಡದ ಗತಿ?” ಅಂತ ಕಣ್ಣು ಕೆಂಪು ಮಾಡ್ತಾರೆ. ಸ್ವಲ್ಪ ತಾಳ್ಮೆಯಿಂದ ಓದಿ.

2007ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಯ್ತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವೂ ಶುರುವಾಯ್ತು. ಪರ, ವಿರೋಧ ಎರಡೂ ಜೋರಾಗಿ ನಡೆದವು. ಇಂಗ್ಲಿಷ್ ಬೇಕಾ ಕನ್ನಡ ಬೇಕಾ ಅಂತ ಜಗಳ ಆಡಿದವರಲ್ಲಿ, ಮುಳಬಾಗಿಲಿನ ಮಗುವಿಗೆ ಇಂಗ್ಲಿಷನ್ನು ಯಾವ ಭಾಷೆಯಲ್ಲಿ ಬಿಡಿಸಿ ಹೇಳ್ತೀರಿ ಅಂತ ಕೇಳಿದವರನ್ನು ನಾನಂತೂ ನೋಡಲಿಲ್ಲ. ನಾವು ಇಂಗ್ಲಿಷ್ ಪದಕ್ಕೆ ಕನ್ನಡ ಅರ್ಥ ಬೋರ್ಡಿನ ಮೇಲೆ ಬರೀತೀವಿ. ಮಗು ಆ ಕನ್ನಡ ಪದವನ್ನು ಮನಸ್ಸಿನಲ್ಲೇ ತೆಲುಗಿಗೆ ತಿರುಗಿಸಿಕೊಳ್ಳಬೇಕು. ಎರಡು ಸೇತುವೆ. ಒಂದು ಕುಸಿದರೂ ಮಗು ಆ ಕಡೆಯೇ ಉಳೀತು. ಆಮೇಲೆ ಗೈಡ್ ನೋಡಿ ಪ್ರಶ್ನೋತ್ತರ ಬಾಯಿಪಾಠ, ಎಸ್ಸೆಸ್ಸೆಲ್ಸಿ ಪಾಸಾದರೆ ಸಾಕು ಅನ್ನೋ ಸ್ಥಿತಿ.

ಹೊಸದಾಗಿ ಬಂದಿದ್ದ ಮೇಷ್ಟ್ರೊಬ್ಬರು ಒಬ್ಬ ಹುಡುಗನನ್ನು “ಮನೆಕೆಲಸ ಮುಗಿಸಿದ್ಯೇನೋ?” ಅಂತ ಕೇಳಿದರು. ಅವನು “ಅವುನು ಸಾರ್” ಅಂದ. ಇವರು “ಯಾವನೋ?” ಅಂದರು. ಹುಡುಗ ಮತ್ತೆ “ಅವುನು ಸಾರ್”. ತೆಲುಗಿನಲ್ಲಿ ‘ಅವುನು’ ಅಂದರೆ ಹೌದು. ಇನ್ನೊಬ್ಬನ ಮೇಲೆ ಹಾಕ್ತಿದ್ದಾನೆ ಅಂತ ಇವರು ಗದರಿದರು. ಕತೆ ಕೇಳೋಕೆ ತಮಾಷೆ. ಆದರೆ ಆ ಹುಡುಗನಿಗೆ ಹೌದು ಅಂದಿದ್ದಕ್ಕೆ ಬೈಗುಳ ಸಿಕ್ಕಿತ್ತು, ಮುಂದೆ ಅವನು ಯಾಕಾದರೂ ಬಾಯಿ ಬಿಡ್ತಾನೆ ಹೇಳಿ?

ಜಪಾನ್ ಸರ್ಕಾರ 1987ರಲ್ಲಿ ‘ಜೆಟ್’ ಅನ್ನೋ ಯೋಜನೆ ಶುರು ಮಾಡಿ ವಿದೇಶಿ ಯುವಕ ಯುವತಿಯರನ್ನು ಹಳ್ಳಿ ಶಾಲೆಗಳಿಗೂ ಕರೆಸಿತು. ಅವರಲ್ಲಿ ಬಹಳ ಜನರಿಗೆ ಜಪಾನಿ ಬರ್ತಿರಲಿಲ್ಲ. ಆದರೆ ಅವರ ಹುದ್ದೆಯ ಹೆಸರೇ ಸಹಾಯಕ ಭಾಷಾ ಶಿಕ್ಷಕ. ತರಗತಿಯಲ್ಲಿ ಪಕ್ಕದಲ್ಲಿ ಜಪಾನಿ ಮೇಷ್ಟ್ರು ನಿಂತಿರಬೇಕು ಅನ್ನೋದು ಅಲ್ಲಿನ ಏರ್ಪಾಡು. ಅಂದರೆ ಪರದೇಶಿ ಒಬ್ಬನನ್ನೇ ಮಕ್ಕಳ ಮುಂದೆ ಬಿಡಬಾರದು ಅಂತ ಅವರಿಗೆ ಗೊತ್ತಿತ್ತು. ಇಲ್ಲಿ ನಮ್ಮನ್ನು ಒಬ್ಬರನ್ನೇ ಬಿಟ್ಟಿದ್ದಾರೆ. ಕರ್ನಾಟಕದೊಳಗೇ ಇದೀವಲ್ಲ, ಹಾಗಾಗಿ ನಾವು ಪರದೇಶಿಗಳು ಅಂತ ಯಾರಿಗೂ ಅನ್ನಿಸೋದೇ ಇಲ್ಲ.

ಅದಕ್ಕೂ ಹಿಂದೆ 1890ರಲ್ಲಿ ಲಾಫ್ಕಾಡಿಯೊ ಹರ್ನ್ ಅನ್ನೋ ಬರಹಗಾರ ಮಾತ್ಸುಎ ಅನ್ನೋ ಊರಿಗೆ ಇಂಗ್ಲಿಷ್ ಮೇಷ್ಟ್ರಾಗಿ ಹೋದ. ಅವನಿಗೆ ಜಪಾನಿ ಕೊನೆವರೆಗೂ ಸಲೀಸಾಗಲಿಲ್ಲ. ಆದರೂ ಹೆಂಡತಿ ಸೆತ್ಸು ಜತೆ ಒಂದು ಮುರುಕು ಜಪಾನಿ ಕಟ್ಟಿಕೊಂಡು, ಆಕೆ ಹೇಳಿದ ಕತೆಗಳನ್ನು ಕೇಳಿ ಇಂಗ್ಲಿಷಿನಲ್ಲಿ ಬರೆದ. 1896ರಲ್ಲಿ ಕೊಯ್ಜುಮಿ ಯಾಕುಮೊ ಅನ್ನೋ ಹೆಸರಿಟ್ಟುಕೊಂಡು ಅಲ್ಲಿಯ ಪ್ರಜೆಯೇ ಆದ. ಕಲಿಸೋಕೆ ಹೋದವನು ಕಲಿಯೋಕೂ ಕೂತ. ಮುರುಕಾದರೂ ಪರವಾಗಿಲ್ಲ, ಅದೇ ಮುಖ್ಯ.

ಇನ್ನೊಂದು ಸ್ವಾರಸ್ಯ ನೋಡಿ. ‘ನಾನು ಮಾವಿನಹಣ್ಣು ತಿಂದೆ’. ತೆಲುಗಿನಲ್ಲಿ ‘ನೇನು ಮಾಮಿಡಿಪಂಡು ತಿನ್ನಾನು’. ಜಪಾನಿಯಲ್ಲಿ ‘ವತಾಶಿ ವ ಮಾಂಗೋ ಓ ತಾಬೆಮಾಶಿತಾ’. ಮೂರರಲ್ಲೂ ತಿನ್ನೋ ಕೆಲಸ ಕೊನೆಗೆ. ಇಂಗ್ಲಿಷಿನಲ್ಲಿ ‘ಐ ಏಟ್ ಅ ಮ್ಯಾಂಗೋ’, ಅಲ್ಲಿ ಹಣ್ಣಿಗಿಂತ ಮೊದಲೇ ತಿಂದಾಯ್ತು :) ಆ ‘ಅ’, ‘ದ’ ಅನ್ನೋವು ಈ ಮೂರು ಭಾಷೆಗಳಲ್ಲೂ ಇಲ್ಲ. ನಮ್ಮ ಮಕ್ಕಳು ಬಸ್ಸು, ಬುಕ್ಕು, ಟೇಬಲ್ಲು ಅಂದರೆ ಜಪಾನಿನ ಮಕ್ಕಳು ಬಾಸು, ಬುಕ್ಕು, ತೇಬುರು ಅಂತಾರೆ. ಪದದ ಕೊನೆಗೆ ಒಂದು ಸ್ವರ ಬೇಕೇ ಬೇಕು. ಅಂದಮೇಲೆ ಮಗು ತಪ್ಪು ಮಾಡೋದು ದಡ್ಡತನದಿಂದಲ್ಲ, ಅದರ ಮನೆಮಾತಿನ ನಡೆಯೇ ಹಾಗಿದೆ. ಆ ವಾಕ್ಯವನ್ನು ತೆಲುಗಿನಲ್ಲಿ ಬೋರ್ಡಿನ ಮೇಲೆ ಕನ್ನಡ ಅಕ್ಷರದಲ್ಲೇ ಬರೆದು, ಕೆಳಗೆ ಇಂಗ್ಲಿಷ್ ಬರೆದು, ಯಾವ ಪದ ಎಲ್ಲಿಗೆ ಹಾರಿತು ಅಂತ ಗೆರೆ ಎಳೆದು ತೋರಿಸಿದರೆ ಹತ್ತು ನಿಮಿಷದಲ್ಲಿ ತಿಳಿಯುತ್ತೆ. ನಾನು ದಿನಾ ಮಾಡ್ತಿರೋದೇ ಇದು.

ಎಂಟನೇ ತರಗತಿಗೆ ಬಂದ ಹುಡುಗಿಯೊಬ್ಬಳು ಮೂರು ತಿಂಗಳು ಒಂದು ಮಾತೂ ಆಡಿರಲಿಲ್ಲ. ಹಿಂದಿನ ಶಾಲೆಯಿಂದ ಬರುವಾಗಲೇ ‘ದಡ್ಡಿ’ ಅನ್ನೋ ಹಣೆಪಟ್ಟಿ ಅಂಟಿತ್ತು. ಒಂದಿನ ಪಾಠದ ಕತೆಯನ್ನು ತೆಲುಗಿನಲ್ಲೇ ಹೇಳಮ್ಮ ಅಂದೆ. ಎದ್ದು ನಿಂತು ಪಟಪಟ ಅಂತ ಪೂರ್ತಿ ಹೇಳಿದಳು, ನನಗೆ ತಿಳಿಯದ ಕಡೆ ಕನ್ನಡದಲ್ಲಿ ಬಿಡಿಸಿಯೂ ಹೇಳಿದಳು. ಕತೆ ಅವಳಿಗೆ ಅರ್ಥವಾಗಿತ್ತು, ಕೇಳಿದವರು ಇರಲಿಲ್ಲ. ಇಂಥ ಮಕ್ಕಳಲ್ಲಿ ಎಷ್ಟು ಜನ ಹತ್ತನೇ ತರಗತಿಗೆ ಮುಂಚೆ ಶಾಲೆ ಬಿಟ್ಟು ತೋಟಕ್ಕೋ ಇಟ್ಟಿಗೆ ಗೂಡಿಗೋ ಹೋಗಿದ್ದಾರೋ ನೆನೆದರೆ ಸಂಕಟವಾಗುತ್ತೆ.

ಈಗ ಕನ್ನಡದ ಪ್ರಶ್ನೆ. ಈ ಕಡೆಯ ತೆಲುಗು ಜನರಲ್ಲಿ ಬಹಳಷ್ಟು ಮಂದಿಗೆ ತೆಲುಗು ಅಕ್ಷರ ಬರಲ್ಲ. ಅವರು ಓದೋದು, ಬರೆಯೋದು, ಲೆಕ್ಕ ಇಡೋದು ಕನ್ನಡದಲ್ಲೇ. ತೆಲುಗು ನಾಲಿಗೆಯ ಮೇಲಿದೆ, ಕನ್ನಡ ಕೈಯಲ್ಲಿದೆ. ಹೀಗಿರುವಾಗ ತರಗತಿಯಲ್ಲಿ ನಾಲ್ಕು ತೆಲುಗು ಮಾತಾಡಿದರೆ ಕನ್ನಡ ಸಾಯಲ್ಲ. ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿಯವರ ಮನೆಮಾತು ತಮಿಳು, ಎಂ.ಎ. ಮಾಡಿದ್ದು ಇಂಗ್ಲಿಷಿನಲ್ಲಿ. ನಮ್ಮ ಧಾರವಾಡದ ಬೇಂದ್ರೆ ಅಜ್ಜನ ಮನೆಮಾತು ಮರಾಠಿ. ಇವರಿಬ್ಬರಿಗೂ ಜ್ಞಾನಪೀಠ ಬಂದಿದ್ದು ಕನ್ನಡಕ್ಕೆ. ಮನೆಮಾತು ಕನ್ನಡಕ್ಕೆ ಅಡ್ಡ ಬರುತ್ತೆ ಅನ್ನೋರು ಇವರನ್ನು ನೆನಪಿಸಿಕೊಳ್ಳಲಿ.

ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಮೇಷ್ಟ್ರನ್ನು ನೇಮಿಸಿದಾಗ ಮಕ್ಕಳು, ಪೋಷಕರು ಪ್ರತಿಭಟಿಸಿದರು. ನಾವೆಲ್ಲ ಅವರ ಪರ ನಿಂತೆವು, ನಿಲ್ಲಲೇಬೇಕಿತ್ತು. ಅಲ್ಲಿರೋದು ಕನ್ನಡ ಮಾಧ್ಯಮದ ಶಾಲೆ, ಇಲ್ಲಿ ತೆಲುಗು ಮಾಧ್ಯಮವನ್ನು ಯಾರೂ ಕೇಳ್ತಿಲ್ಲ, ಒಪ್ಪಿದೆ. ಆದರೆ ಮೇಷ್ಟ್ರ ಮಾತು ತಿಳಿಯದೆ ಕೂತ ಮಗುವಿನ ಮುಖ ಮಂಜೇಶ್ವರದಲ್ಲೂ ಮುಳಬಾಗಿಲಿನಲ್ಲೂ ಒಂದೇ ಥರ ಇರುತ್ತೆ.

ಮಾಡಬೇಕಾದ್ದು ದೊಡ್ಡ ಖರ್ಚಿನ ಕೆಲಸವೇನಲ್ಲ. ಹೊಸ ಮೇಷ್ಟ್ರಿಗೆ ಹದಿನೈದು ದಿನ ಆಡುಮಾತಿನ ತರಬೇತಿ, ಇಲ್ಲಿಯವರೇ ಆದ ಹಿರಿಯ ಶಿಕ್ಷಕರಿಂದ. ಕೆಳಗಿನ ತರಗತಿಗಳಲ್ಲಿ ಬಾಯಿಮಾತಿನ ಉತ್ತರವನ್ನು ಮನೆಮಾತಿನಲ್ಲಿ ಹೇಳಿದರೂ ಒಪ್ಪಿಕೊಳ್ಳೋದು. ದಿನ ಬಳಕೆಯ ಐನೂರು ಪದಗಳನ್ನು ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಕನ್ನಡ ಲಿಪಿಯಲ್ಲಿ ಕೊಡೋ ಒಂದು ಪುಟ್ಟ ಪುಸ್ತಕ.

ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ 2013ರಲ್ಲಿ ಹೋಂಡಾ ಕಾರ್ಖಾನೆ ಶುರುವಾಯ್ತು, ಆಮೇಲೆ ಇನ್ನೂ ಎಷ್ಟೋ ಬಂದವು. ಅಲ್ಲಿ ಕೆಲಸಕ್ಕೆ ಹೋಗುವ ನಮ್ಮ ಹಳೇ ಹುಡುಗರು ‘ಕೈಜೆನ್’ ಅಂತ ಸಲೀಸಾಗಿ ಅಂತಾರೆ. ದಿನಾ ಸ್ವಲ್ಪ ಸ್ವಲ್ಪ ಸುಧಾರಿಸೋದು ಅಂತ ಅರ್ಥವಂತೆ. ಜಪಾನಿನ ಪದವನ್ನು ಕೋಲಾರದ ಹುಡುಗ ಕಲಿತ. ಕೋಲಾರದ ಹುಡುಗನ ಪದವನ್ನು ಮೇಷ್ಟ್ರು ಕಲಿಯೋದು ಅಷ್ಟೊಂದು ಕಷ್ಟವಾ?

ಬೀದರ್, ಬಳ್ಳಾರಿ, ಬೆಳಗಾವಿ ಕಡೆ ಪಾಠ ಮಾಡೋರು, ಅಲ್ಲಿ ಓದಿದೋರು ಇದ್ದರೆ ನಿಮ್ಮ ಅನುಭವ ಬರೀರಿ. ನಾಳೆ ‘ಪಾಸ್ಟ್ ಟೆನ್ಸ್’ ಪಾಠ ಇದೆ, ತಯಾರಿ ಮಾಡ್ಕೋಬೇಕು. ಬರ್ತೀನಿ.