ಮೇಷ್ಟ್ರು ತೀರಿಕೊಂಡ ಮೇಲೆ: ಮನೆಯವರಿಗೊಂದು ಕಿವಿಮಾತು

‘ಅವರು ಹೋಗಿ ಹದಿನಾಲ್ಕು ತಿಂಗಳಾಯಿತು ಸಾರ್. ಪಿಂಚಣಿ ಕಾಗದ ಮೊನ್ನೆಯಷ್ಟೇ ಕೈಗೆ ಬಂತು. ಇನ್ನು ಕೆಲಸಕ್ಕೆ ಅರ್ಜಿ ಹಾಕೋಣ ಅಂತ ಆಫೀಸಿಗೆ ಹೋದೆ. ವರ್ಷ ಮೀರಿತಲ್ಲಮ್ಮ, ಆಗೋದಿಲ್ಲ ಅಂದರು.’

ಚೀಲದ ತುಂಬ ಕಾಗದ ಹಿಡಿದು ಬಂದಿದ್ದ ಆ ಹೆಣ್ಣುಮಗಳ ಗಂಡ ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದರು. ಆಕೆ ಪಿಯುಸಿ ಓದಿದ್ದಾರೆ. ಇಬ್ಬರು ಚಿಕ್ಕ ಮಕ್ಕಳು. ‘ಮೊದಲು ಪಿಂಚಣಿ ಆಗಲಿ, ಕೆಲಸದ ಮಾತು ಆಮೇಲೆ’ ಎಂದು ಯಾರೋ ಹಿರಿಯರು ಹೇಳಿದ್ದರಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬೇಕು. ಆದರೆ ಆ ಒಂದು ಮಾತು ಆಕೆಗೆ ಬಲು ದುಬಾರಿಯಾಯಿತು.

ಅನುಕಂಪದ ಆಧಾರದ ನೇಮಕಕ್ಕೆ ರಾಜ್ಯದಲ್ಲಿ 1996ರ ನಿಯಮಗಳಿವೆ. ಅವುಗಳ ಪ್ರಕಾರ ನೌಕರರು ಮೃತಪಟ್ಟ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಪಿಂಚಣಿ ಮಂಜೂರಾಗಿದೆಯೋ ಇಲ್ಲವೋ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಆಸ್ತಿಯಂತೆ ಬರುವ ಹಕ್ಕಲ್ಲ, ದಿಢೀರ್ ಸಂಕಟಕ್ಕೆ ಸಿಲುಕಿದ ಕುಟುಂಬಕ್ಕೆ ಕೊಡುವ ಆಸರೆ ಎಂದು ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ. ತಡ ಮಾಡಿದಷ್ಟೂ ‘ಇಷ್ಟು ದಿನ ಹೇಗೋ ನಡೆಯಿತಲ್ಲ’ ಎಂಬ ಪ್ರಶ್ನೆ ಏಳುತ್ತದೆ. ಹೀಗಾಗಿ ಈ ಅರ್ಜಿಯೇ ಮೊದಲು ಹೋಗಬೇಕು.

ಹೆಂಡತಿ ಅಥವಾ ಗಂಡ, ಮಗ, ಮಗಳು ಇದಕ್ಕೆ ಅರ್ಜಿ ಹಾಕಬಹುದು. ಮದುವೆಯಾದ ಮಗಳನ್ನು ಹೊರಗಿಟ್ಟಿದ್ದ ನಿಯಮವನ್ನು ಹೈಕೋರ್ಟ್ 2020ರ ಡಿಸೆಂಬರಿನಲ್ಲಿ ತಳ್ಳಿಹಾಕಿತು. 2021ರಲ್ಲಿ ನಿಯಮಕ್ಕೆ ತಿದ್ದುಪಡಿಯೂ ಆಯಿತು. ಆದರೆ ಮೃತರನ್ನು ಅವಲಂಬಿಸಿದ್ದೆವೆಂದು ತೋರಿಸಬೇಕು. ಕುಟುಂಬದ ಉಳಿದವರ ಒಪ್ಪಿಗೆ ಪತ್ರವೂ ಜೊತೆಗಿರಲಿ. ‘ಮಗ ದೊಡ್ಡವನಾಗಲಿ’ ಎಂದು ಕಾಯುವುದು ಅಪಾಯ. ಮನೆಯಲ್ಲಿ ಅರ್ಹ ವಯಸ್ಕರು ಇರುವಾಗ ಅವರೇ ಅರ್ಜಿ ಹಾಕುವುದು ಕ್ಷೇಮ.

ಮೊದಲ ತಿಂಗಳ ಕೆಲಸ

ದುಃಖದ ಮನೆಯಲ್ಲಿ ಕಾಗದದ ಮಾತು ಆಡುವುದು ಕಷ್ಟವೇ. ಆದರೂ ಸಾವಿನ ನೋಂದಣಿ 21 ದಿನದೊಳಗೆ ಆಗಬೇಕು. ಅದು ದಾಟಿದರೆ ದಂಡಶುಲ್ಕ, ಅನುಮತಿ ಎಂದು ಅಲೆದಾಟ ಹೆಚ್ಚುತ್ತದೆ. ಮರಣ ಪ್ರಮಾಣಪತ್ರದ ಏಳೆಂಟು ಪ್ರತಿ ತೆಗೆದಿಟ್ಟುಕೊಳ್ಳಿ. ಪ್ರತಿಯೊಂದು ಕಚೇರಿಯೂ ಒಂದು ಕೇಳುತ್ತದೆ. ನಾಡಕಚೇರಿಯಲ್ಲಿ ಕುಟುಂಬದ ಜೀವಂತ ಸದಸ್ಯರ ಪ್ರಮಾಣಪತ್ರಕ್ಕೆ ಅರ್ಜಿ ಕೊಡಿ.

ಪ್ರಾಥಮಿಕ ಶಾಲೆಯ ಶಿಕ್ಷಕರಾದರೆ ಅವರ ಸಂಬಳದ ಬಿಲ್ಲು ಮಾಡುವುದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ. ಪ್ರೌಢಶಾಲೆಯವರಾದರೆ ಮುಖ್ಯ ಶಿಕ್ಷಕರು. ಅಲ್ಲಿಗೆ ಸಾವಿನ ಸುದ್ದಿಯನ್ನು ಬರಹದಲ್ಲಿ ಕೊಡಿ. ಅಂತ್ಯಸಂಸ್ಕಾರದ ನೆರವಿಗೂ ಆಗಲೇ ಅರ್ಜಿ ಕೊಡಬಹುದು. ಕೊಟ್ಟ ಪ್ರತಿ ಅರ್ಜಿಗೂ ದಿನಾಂಕ, ಮೊಹರು ಹಾಕಿದ ಸ್ವೀಕೃತಿ ಪಡೆಯಿರಿ. ಬಾಯಿಮಾತಿಗೆ ಕಚೇರಿಯಲ್ಲಿ ಕಡತವಿಲ್ಲ.

ಮೃತರ ಎ.ಟಿ.ಎಂ. ಕಾರ್ಡಿನಿಂದ ಹಣ ತೆಗೆಯಬೇಡಿ. ತಿಂಗಳ ಮಧ್ಯೆ ತೀರಿಕೊಂಡವರಿಗೆ ಪೂರ್ತಿ ಸಂಬಳ ಜಮೆಯಾಗಿದ್ದರೆ ಹೆಚ್ಚಿನದನ್ನು ಹಿಂದಿರುಗಿಸಬೇಕಾಗುತ್ತದೆ. ವಾರಸುದಾರರಲ್ಲಿ ಮನಸ್ತಾಪಕ್ಕೂ ಅದೇ ಬೀಜವಾದೀತು.

ಬರಬೇಕಾದ ಹಣ ಯಾವುದು?

ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕುಟುಂಬ ಪಿಂಚಣಿ, ಮರಣ ಉಪದಾನ ಅಂದರೆ ಗ್ರ್ಯಾಚುಯಿಟಿ, ಗಳಿಕೆ ರಜೆಯ ನಗದು (ಗರಿಷ್ಠ 300 ದಿನ), ಕೆ.ಜಿ.ಐ.ಡಿ. ವಿಮೆ, ಸಾಮೂಹಿಕ ವಿಮೆ, ಹಳಬರಾದರೆ ಜಿ.ಪಿ.ಎಫ್., ಬಾಕಿ ಸಂಬಳ. ಶಿಕ್ಷಕರ ಕಲ್ಯಾಣ ನಿಧಿಯಿಂದ ನೆರವು ಉಂಟೇ ಎಂಬುದನ್ನೂ ವಿಚಾರಿಸಿ.

ಮೈಸೂರು ಸಂಸ್ಥಾನದ ಕಾಲದಲ್ಲಿ, 1891ರಲ್ಲಿ ಹುಟ್ಟಿದ ಸರ್ಕಾರಿ ವಿಮಾ ಇಲಾಖೆಯೇ ಇಂದಿನ ಕೆ.ಜಿ.ಐ.ಡಿ. ಇಲ್ಲಿ ಒಂದು ಸೂಕ್ಷ್ಮವಿದೆ. ಸಂಬಳ ಏರಿದಂತೆಲ್ಲ ಶಿಕ್ಷಕರು ಹೊಸ ಹೊಸ ಪಾಲಿಸಿ ಮಾಡಿಸಿರುತ್ತಾರೆ. ಮನೆಯವರಿಗೆ ಸಿಕ್ಕಿದ್ದು ಒಂದು ಬಾಂಡು; ಇರುವುದು ಮೂರೋ ನಾಲ್ಕೋ. ಸಂಬಳದ ಚೀಟಿ ಮತ್ತು ಸೇವಾ ಪುಸ್ತಕ ನೋಡಿ ಎಲ್ಲ ಸಂಖ್ಯೆಗಳನ್ನೂ ಬರೆದುಕೊಂಡು ಕ್ಲೇಮು ಹಾಕಿ.

ಬ್ಯಾಂಕಿನ ಪಾಸ್‌ಬುಕ್ಕನ್ನೂ ಒಮ್ಮೆ ಗಮನವಿಟ್ಟು ನೋಡಿ. ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ ಇದ್ದೀತು. 20 ರೂಪಾಯಿ ಆದರೆ ಸುರಕ್ಷಾ ಬಿಮಾ. ಮೊದಲನೆಯದರಲ್ಲಿ ಯಾವುದೇ ಕಾರಣದ ಸಾವಿಗೆ, ಎರಡನೆಯದರಲ್ಲಿ ಅಪಘಾತದ ಸಾವಿಗೆ ತಲಾ 2 ಲಕ್ಷ ರೂಪಾಯಿ ಬರುತ್ತದೆ. ಸಂಬಳದ ಖಾತೆಗೇ ಅಂಟಿಕೊಂಡ ವಿಮೆ ಇದೆಯೇ ಎಂದೂ ಮ್ಯಾನೇಜರನ್ನು ಕೇಳಿ. ಕೇಳದೆ ಯಾರೂ ಹೇಳುವುದಿಲ್ಲ.

ಹಳೆಯ ಪಿಂಚಣಿ, ಹೊಸ ಪಿಂಚಣಿ

2006ರ ಏಪ್ರಿಲ್ 1ಕ್ಕೆ ಮೊದಲು ಸೇವೆಗೆ ಸೇರಿದವರ ಕುಟುಂಬಕ್ಕೆ ಹಳೆಯ ಕ್ರಮದ ಕುಟುಂಬ ಪಿಂಚಣಿ ಸಿಗುತ್ತದೆ. ಏಳು ವರ್ಷಕ್ಕೂ ಮೀರಿ ಸತತ ಸೇವೆ ಸಲ್ಲಿಸಿ ಮೃತರಾಗಿದ್ದರೆ ಆರಂಭದ ಕೆಲವು ವರ್ಷ ಹೆಚ್ಚಿನ ದರ, ಆಮೇಲೆ ಕೊನೆಯ ವೇತನದ ಶೇಕಡ 30ರ ಸಾಮಾನ್ಯ ದರ, ಅದರ ಮೇಲೆ ತುಟ್ಟಿಭತ್ಯೆ. ಮೊತ್ತ ಇಳಿದ ದಿನ ಗಾಬರಿಯಾಗಬೇಡಿ. ಆದೇಶದಲ್ಲಿ ಎರಡೂ ದರ, ಎರಡೂ ದಿನಾಂಕ ಮೊದಲೇ ನಮೂದಾಗಿರುತ್ತವೆ. ಆ ಇಳಿಕೆಯನ್ನು ಲೆಕ್ಕದಲ್ಲಿಟ್ಟುಕೊಂಡೇ ಸಾಲಸೋಲ ಮಾಡಿ.

ಆ ದಿನಾಂಕದ ನಂತರ ಸೇರಿದವರು ಎನ್.ಪಿ.ಎಸ್.ಗೆ ಒಳಪಟ್ಟವರು. 2018ರ ಸರ್ಕಾರಿ ಆದೇಶದ ಬಳಿಕ ಸೇವೆಯಲ್ಲಿದ್ದಾಗ ಮೃತರಾದ ಇಂಥವರ ಕುಟುಂಬಕ್ಕೂ ಕುಟುಂಬ ಪಿಂಚಣಿ, ಉಪದಾನದ ಅವಕಾಶವಿದೆ. ಆದರೆ ಎನ್.ಪಿ.ಎಸ್. ಖಾತೆಯ ಹಣ ಹಿಂಪಡೆಯುವುದಕ್ಕೂ ಕುಟುಂಬ ಪಿಂಚಣಿಗೂ ನಂಟಿದೆ. ಇಡಿಗಂಟಿನ ಆಸೆಗೆ ಅವಸರದಲ್ಲಿ ಸಹಿ ಹಾಕಿದರೆ ತಿಂಗಳು ತಿಂಗಳು ಬರುವ ಅನ್ನಕ್ಕೇ ಪೆಟ್ಟು ಬಿದ್ದೀತು. ಎರಡರ ಲೆಕ್ಕವನ್ನೂ ಕಚೇರಿಯಲ್ಲಿ ಬರೆಸಿಕೊಂಡು, ತಿಳಿದವರಿಗೆ ತೋರಿಸಿ, ಆಮೇಲೆ ಸಹಿ ಮಾಡಿ.

ಖಾಸಗಿ ಶಾಲೆಯವರಿಗೆ

ಅನುದಾನರಹಿತ ಶಾಲೆಯ ಶಿಕ್ಷಕರ ಮನೆಯವರು ‘ನಮಗೇನೂ ಇಲ್ಲ’ ಎಂದು ಕೈಚೆಲ್ಲುವುದುಂಟು. ಸಂಬಳದಲ್ಲಿ ಪಿ.ಎಫ್. ಹಿಡಿಯುತ್ತಿದ್ದರೆ ಆ ಹಣದ ಜೊತೆಗೆ ಪತಿ ಅಥವಾ ಪತ್ನಿಗೆ, ಮಕ್ಕಳಿಗೆ ಪಿಂಚಣಿಯುಂಟು. ಅದಕ್ಕೆ ಜೋಡಿಸಿದ ವಿಮೆಯಿಂದ ಗರಿಷ್ಠ 7 ಲಕ್ಷ ರೂಪಾಯಿವರೆಗೆ ಬರಬಹುದು. ಶಿಕ್ಷಕರಿಗೂ ಗ್ರ್ಯಾಚುಯಿಟಿ ಸಲ್ಲಬೇಕೆಂದು 2009ರಲ್ಲಿ ಕಾನೂನು ತಿದ್ದುಪಡಿಯಾಯಿತು. ಸುಪ್ರೀಂ ಕೋರ್ಟ್ 2022ರಲ್ಲಿ ಅದನ್ನು ಎತ್ತಿಹಿಡಿಯಿತು. ಐದು ವರ್ಷದ ಸೇವೆಯಾಗಿರಬೇಕೆಂಬ ಷರತ್ತು ಮರಣದ ಸಂದರ್ಭಕ್ಕೆ ಅನ್ವಯಿಸುವುದಿಲ್ಲ.

ಸೇವೆಯಲ್ಲಿರುವವರಿಗೆ ಒಂದು ಮಾತು

ನನ್ನ ಬಳಿ ಬರುವ ಹತ್ತು ತಕರಾರುಗಳಲ್ಲಿ ಹೆಚ್ಚಿನವು ಹುಟ್ಟುವುದು ನಾಮನಿರ್ದೇಶನದಲ್ಲಿ. ಕೆಲಸಕ್ಕೆ ಸೇರಿದಾಗ ಬ್ರಹ್ಮಚಾರಿ, ತಾಯಿಯ ಹೆಸರು ಬರೆದಿರುತ್ತಾರೆ. ಮದುವೆಯಾಗುತ್ತದೆ, ಮಕ್ಕಳಾಗುತ್ತವೆ, ತಾಯಿಯೂ ತೀರಿಹೋಗುತ್ತಾರೆ; ಕಾಗದ ಮಾತ್ರ ಹಾಗೇ ಉಳಿಯುತ್ತದೆ. ಕೊನೆಗೆ ಉತ್ತರಾಧಿಕಾರ ಪ್ರಮಾಣಪತ್ರಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಹೆಂಡತಿಯ ಹೆಸರು ಸೇವಾ ಪುಸ್ತಕದಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು ಇದ್ದರೂ ಕಡತ ನಿಲ್ಲುತ್ತದೆ.

ಮೇಷ್ಟ್ರೇ, ಮಕ್ಕಳ ಹಾಜರಿ ಪುಸ್ತಕವನ್ನು ನೀವು ಒಂದು ತಪ್ಪಿಲ್ಲದಂತೆ ಬರೆಯುತ್ತೀರಿ. ನಿಮ್ಮ ಸೇವಾ ಪುಸ್ತಕವನ್ನು ಕೊನೆಯ ಬಾರಿ ತೆರೆದು ನೋಡಿದ್ದು ಯಾವಾಗ? ಬರುವ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಒಂದು ನೋಟ್‌ಬುಕ್ ತೆಗೆದುಕೊಂಡು ಪಾಲಿಸಿ ಸಂಖ್ಯೆ, ಖಾತೆ, ಸಾಲ, ಯಾರಿಗೆ ಜಾಮೀನು ನಿಂತಿದ್ದೀರಿ ಎಲ್ಲವನ್ನೂ ಬರೆಯಿರಿ. ಎಲ್ಲಿಟ್ಟಿದ್ದೀರೆಂದು ಮನೆಯಾಕೆಗೆ ತೋರಿಸಿ. ‘ಬಿಡ್ತು ಅನ್ನಿ’ ಎಂದು ಆಕೆ ಗದರಬಹುದು. ಗದರಲಿ ಬಿಡಿ, ತೋರಿಸಿಯೇ ತೀರಿ.

ಅಂದು ಬಂದಿದ್ದ ಹೆಣ್ಣುಮಗಳಿಗೆ ಹೇಳಲು ನನ್ನ ಬಳಿ ಹೆಚ್ಚೇನೂ ಇರಲಿಲ್ಲ. ತಡವಾದ ಕಾರಣ ವಿವರಿಸಿ ಅರ್ಜಿ ಕೊಡಿ, ಆಸೆ ಮಾತ್ರ ಬಹಳ ಇಟ್ಟುಕೊಳ್ಳಬೇಡಿ ಎಂದೆ. ಚೀಲದೊಳಗಿನ ಕಾಗದ ನೋಡುತ್ತಿದ್ದಾಗ ಕ್ಲೇಮು ಹಾಕದ ಎರಡು ಕೆ.ಜಿ.ಐ.ಡಿ. ಬಾಂಡುಗಳು ಸಿಕ್ಕವು. ‘ಇದೂ ದುಡ್ಡಾ ಸಾರ್?’ ಎಂದು ಕೇಳಿದರು. ಹೌದಮ್ಮ, ಅವರು ದುಡಿದು ಕಟ್ಟಿದ್ದು, ನಿಮ್ಮದೇ ಎಂದೆ.